ಒಂದು ಪುಟ ಮಾರಾಟಕ್ಕಿಲ್ಲ

ನಮ್ಮ ಕಾಲೇಜಿನ ಯಾವ ತರಗತಿಗೆ ಹೋದರೂ ಮೆಹಂದಿ ಹಾಕುವವರು, ಕೇಕ್ ಮಾಡುವವರು, ಅರೇಬಿಕ್ ಕ್ಯಾಲಿಗ್ರಫಿ ಬರೆಯುವವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರಿಗೆಲ್ಲ ಸಿಗುವ ಸಲಹೆ ಒಂದೇ: "ಇಷ್ಟು ಚೆನ್ನಾಗಿ ಮಾಡ್ತೀಯಲ್ಲ, ಆರ್ಡರ್ ತಗೋಬಾರದಾ?" ಸಲಹೆ ತಪ್ಪಲ್ಲ. ಸ್ವಂತ ದುಡಿಮೆಯಿಂದ ಫೀಸು ಕಟ್ಟುವುದು ಹೆಮ್ಮೆಯ ವಿಷಯ. ಆದರೆ ವ್ಯಾಪಾರವಾದ ಮೇಲೆ ಹವ್ಯಾಸದ ಗತಿ ಏನೆಂದು ಯಾರೂ ಕೇಳುವುದಿಲ್ಲ.

ಮೆಹಂದಿಯನ್ನೇ ನೋಡಿ. ಗಿರಾಕಿಗಳು ಮೊಬೈಲಿನಲ್ಲಿ ಚಿತ್ರ ತೋರಿಸಿ "ಇದೇ ಬೇಕು" ಎನ್ನುತ್ತಾರೆ. ಮದುವೆ ಸೀಸನ್ ಮುಗಿಯುವಾಗ ಅದೇ ಡಿಸೈನ್ ಹತ್ತಾರು ಕೈಗಳ ಮೇಲಿರುತ್ತದೆ. ಹೊಸ ಬಳ್ಳಿಯೊಂದನ್ನು ಬಿಡಿಸಿ ನೋಡಲು ಪುರುಸೊತ್ತಿಲ್ಲ. ಹೊಸದು ಹುಟ್ಟದಿದ್ದರೆ ಮುಂದಿನ ವರ್ಷ ಗಿರಾಕಿಗಳೂ ಬೇರೆಯವರನ್ನು ಹುಡುಕುತ್ತಾರೆ. ಹವ್ಯಾಸ ಒಣಗಿದರೆ ವ್ಯಾಪಾರವೂ ಸೊರಗುತ್ತದೆ.

ಅಮೆರಿಕದ ಇವಾನ್ ಶೂನಾರ್ಡ್ ಅವರಿಗೆ ಬಂಡೆ ಹತ್ತುವ ಹುಚ್ಚು. 1957ರಲ್ಲಿ ಗುಜರಿಯಿಂದ ಹಳೆಯ ಕುಲುಮೆ ತಂದು, ಕಮ್ಮಾರಿಕೆ ತಾವೇ ಕಲಿತು, ಬಂಡೆಯ ಬಿರುಕಿಗೆ ಹೊಡೆಯುವ ಉಕ್ಕಿನ ಮೊಳೆ ಮಾಡಿ ಮಾರತೊಡಗಿದರು. ಒಂದಕ್ಕೆ ಒಂದೂವರೆ ಡಾಲರ್. ಚಳಿಗಾಲದಲ್ಲಿ ಕುಲುಮೆ, ಬೇಸಿಗೆಯಲ್ಲಿ ಬೆಟ್ಟ. ವ್ಯಾಪಾರ ಬೆಳೆದರೂ ಬೆಟ್ಟ ಬಿಡಲಿಲ್ಲ. ಹಾಗಾಗಿಯೇ ಈ ಮೊಳೆಗಳಿಂದ ಬಂಡೆ ಹಾಳಾಗುವುದನ್ನು ಕಣ್ಣಾರೆ ಕಂಡರು. ಚೆನ್ನಾಗಿ ಮಾರಾಟವಾಗುತ್ತಿದ್ದ ಮೊಳೆಯಿಂದ ಹಿಂದೆ ಸರಿದು, 1972ರ ಹೊತ್ತಿಗೆ ಕಲ್ಲಿಗೆ ಪೆಟ್ಟಾಗದ ಸಾಧನಗಳನ್ನು ಮುಂದಿಟ್ಟರು. ಮರುವರ್ಷ ಅವರು ಕಟ್ಟಿದ ಪೆಟಗೋನಿಯಾ ಇಂದು ಜಗತ್ತಿಗೇ ಗೊತ್ತಿರುವ ಉಡುಪಿನ ಕಂಪೆನಿ.

ನಾವು ಏನು ಮಾಡಬಹುದು? ಅಕೌಂಟೆನ್ಸಿಯ ಮೊದಲ ಪಾಠಗಳಲ್ಲೇ ಉತ್ತರವಿದೆ: ವ್ಯಾಪಾರ ಬೇರೆ, ಮಾಲೀಕ ಬೇರೆ. ಅಂಗಡಿಯ ಹಣ ಮನೆಗೆ ಬಳಸಿದರೆ ಡ್ರಾಯಿಂಗ್ಸ್ ಎಂದು ಬರೆದಿಡುತ್ತೇವೆ. ಸಮಯಕ್ಕೂ ಇಂಥದೇ ಲೆಕ್ಕ ಬೇಕು. 1,200 ರೂಪಾಯಿಯ ಆರ್ಡರಿನಲ್ಲಿ ಕೋನ್, ಆಟೋ ಎಂದು 300 ಹೋಗಿ, ಓಡಾಟವೂ ಸೇರಿ ಆರು ಗಂಟೆ ಹಿಡಿದರೆ ಗಂಟೆಗೆ ಉಳಿಯುವುದು 150 ರೂಪಾಯಿ. ಈಚಿನ ವರ್ಷಗಳಲ್ಲಿ ಪೆರ್ನಾಲ್ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಹತ್ತಿರವೇ ಬರುತ್ತಿವೆ. ಓದಿನ ಆ ಆರು ಗಂಟೆಗಳನ್ನು 900 ರೂಪಾಯಿಗೆ ಕೊಡಬಹುದೇ ಎಂದು ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ. ಪರೀಕ್ಷೆಯ ತಿಂಗಳು ಆರ್ಡರ್ ಇಲ್ಲವೆಂದು ಮೊದಲೇ ಹೇಳಿಬಿಟ್ಟರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಡಿಸೈನ್ ಪುಸ್ತಕದಲ್ಲಿ ವಾರಕ್ಕೊಂದು ಪುಟ ಯಾರ ಆರ್ಡರಿಗೂ ಅಲ್ಲದೆ, ನಿಮ್ಮ ಖುಷಿಗೆಂದೇ ಇರಲಿ. ಅಧ್ಯಾಪಕರಲ್ಲೂ ಒಂದು ವಿನಂತಿ: ಕಾಲೇಜಿನ ಫೆಸ್ಟ್‌ನಲ್ಲಿ ವ್ಯಾಪಾರದ ಸ್ಟಾಲ್‌ಗಳ ಜೊತೆಗೆ, ಬೆಲೆ ಚೀಟಿಯಿಲ್ಲದ ಕೆಲಸಗಳಿಗೂ ಒಂದು ಮೇಜು ಕೊಡಿ. ಮುಂದಿನ ವರ್ಷ ಸ್ಟಾಲ್‌ಗೆ ಬರುವ ಹೊಸ ಮಾಲು ಆ ಮೇಜಿನಿಂದಲೇ ಬರುತ್ತದೆ.