ಕಣ್ಣು ಹೋದದ್ದು ರೋಗದಿಂದಲೇ?

ಹರಿಹರದ ಓರ್ವ ಲಾರಿ ಚಾಲಕರು. ಪ್ರಾಯ ನಲ್ವತ್ತರ ಆಸುಪಾಸು. ಎಡಗಣ್ಣಿನ ಮುಂದೆ ಸೊಳ್ಳೆ ಹಾರಿದಂತೆ ಕಪ್ಪು ಚುಕ್ಕೆಗಳು ತೇಲತೊಡಗಿದಾಗ ಅವರು ಕನ್ನಡಕದ ಅಂಗಡಿಗೆ ಹೋದರು. ನೋವಿರಲಿಲ್ಲ, ಕಣ್ಣು ಕೆಂಪಾಗಿರಲಿಲ್ಲ, ಫಲಕದ ಅಕ್ಷರಗಳನ್ನು ಸರಾಗವಾಗಿ ಓದಿದರು. ಕನ್ನಡಕ ಬದಲಾಯಿತು. ಕೆಲವೇ ವಾರಗಳಲ್ಲಿ ಆ ಕಣ್ಣಿನ ಒಂದು ಬದಿಗೆ ಪರದೆ ಎಳೆದಂತಾಯಿತು. ಆಗ ದಾವಣಗೆರೆಯ ಕಣ್ಣಿನ ವೈದ್ಯರೊಬ್ಬರ ಬಳಿಗೆ ಬಂದರು. ಶುಗರ್ ಇದೆಯೇ, ಬಿಪಿ ಇದೆಯೇ ಎಂದು ವೈದ್ಯರು ಕೇಳಿದರು. ಇಲ್ಲ ಎಂದರು. ಬೇರೆ ಯಾವುದಾದರೂ ಮಾತ್ರೆ ನುಂಗುತ್ತೀರಾ ಎಂದಾಗಲೂ ಇಲ್ಲ ಎಂದೇ ಹೇಳಿದರು. ಪಕ್ಕದಲ್ಲಿ ಹೆಂಡತಿಯ ಅಣ್ಣ ಕುಳಿತಿದ್ದರು.

ಅವರು ಎಚ್‌ಐವಿಯ ಮಾತ್ರೆಗಳನ್ನು, ಊರಿನವರ ಕಣ್ಣಿಗೆ ಬೀಳಬಾರದೆಂದು, ಬೇರೊಂದು ಜಿಲ್ಲೆಯ ಕೇಂದ್ರದಿಂದ ತರುತ್ತಿದ್ದರು. ಬಾಡಿಗೆ ಇಲ್ಲದ ತಿಂಗಳುಗಳಲ್ಲಿ ತಂದಿರಲೇ ಇಲ್ಲ. ಎಡಗಣ್ಣು ಮರಳಲಿಲ್ಲ. ಹೆಸರು ಮತ್ತು ಬೀದಿಯನ್ನು ಬರೆಯಬಾರದೆಂಬ ಷರತ್ತಿನ ಮೇಲೆ ಅವರು ಇದನ್ನು ನಮಗೆ ಹೇಳಿದರು.

ಇಷ್ಟಕ್ಕೂ ಎಚ್‌ಐವಿಗೂ ಕಣ್ಣಿಗೂ ಏನು ಸಂಬಂಧ? ದೇಹವನ್ನು ಕಾಯುವ ಬಿಳಿ ರಕ್ತಕಣಗಳ ಪೈಕಿ ಸಿಡಿ-4 ಎಂಬ ಜೀವಕೋಶಗಳನ್ನು ಎಚ್‌ಐವಿ ಕೊಲ್ಲುತ್ತದೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಇವು ಸಾಮಾನ್ಯವಾಗಿ 500ಕ್ಕಿಂತ ಹೆಚ್ಚಿರುತ್ತವೆ. ಇದು 50ಕ್ಕಿಂತ ಕೆಳಗಿಳಿದಾಗ ನಮ್ಮಲ್ಲಿ ಬಹುತೇಕರ ದೇಹದಲ್ಲಿ ಬಾಲ್ಯದಿಂದಲೇ ಸುಮ್ಮನೆ ಮಲಗಿರುವ ಸೈಟೊಮೆಗಲೊ ಎಂಬ ವೈರಾಣು ಎಚ್ಚೆತ್ತು ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು ತಿನ್ನತೊಡಗುತ್ತದೆ. ಅದು ಅಂಚಿನಿಂದ ಆರಂಭಿಸಿದರೆ ನೇರ ನೋಟ ಉಳಿದಿರುತ್ತದೆ; ಆದುದರಿಂದಲೇ ಅಕ್ಷರ ಫಲಕ ಮೋಸ ಮಾಡುತ್ತದೆ. ಔಷಧ ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಕುರುಡು. ಬೇಗನೆ ಗುರುತಿಸಿದರೆ ಮಾತ್ರೆಯಿಂದ ಅಥವಾ ಕಣ್ಣಿನೊಳಗೆ ಚುಚ್ಚುಮದ್ದಿನಿಂದ ಅದನ್ನು ತಡೆಯಬಹುದು. ಆದರೆ ಸತ್ತ ಪಟಲ ಮತ್ತೆ ಜೀವ ತಳೆಯುವುದಿಲ್ಲ.

ದೇಶದಲ್ಲಿ ಎಆರ್‌ಟಿ ಔಷಧಗಳು ಉಚಿತವಾಗಿ ದೊರೆಯತೊಡಗಿದ್ದು 2004ರ ಎಪ್ರಿಲ್‌ನಲ್ಲಿ. 2017ರಿಂದ ಸಿಡಿ-4 ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಅದು ಲಭ್ಯ. ಮಾತ್ರೆಯನ್ನು ತಪ್ಪದೆ ನುಂಗುವವರಲ್ಲಿ ಈ ಕಣ್ಣಿನ ರೋಗ ಈಗ ಅಪರೂಪ. ಕಣ್ಣು ಕಳಕೊಳ್ಳುತ್ತಿರುವವರು ಮುಖ್ಯವಾಗಿ ತಡವಾಗಿ ಬಂದವರು ಅಥವಾ ನಡುವೆ ಬಿಟ್ಟವರು. ಅವರು ತಡ ಮಾಡುವುದೇಕೆ? ಉತ್ತರ ವೈದ್ಯಶಾಸ್ತ್ರದಲ್ಲಿಲ್ಲ, ನಮ್ಮ ಮೊಹಲ್ಲಾಗಳಲ್ಲಿದೆ.

ಇನ್ನೂ ಎರಡು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. ಒಂದು, ಸರ್ಪಸುತ್ತು. ಹಣೆಯಲ್ಲಿ, ಕಣ್ಣಿನ ಸುತ್ತ ಉರಿಯುವ ಗುಳ್ಳೆಗಳು ಎದ್ದರೆ ನಮ್ಮ ಹಿರಿಯರು ಕೆಮ್ಮಣ್ಣು ಹಚ್ಚಿಸುತ್ತಾರೆ. ವಸ್ತುತಃ ಅದು ಬಾಲ್ಯದ ಸಿಡುಬಿನ ವೈರಾಣುವೇ. ದೊಡ್ಡ ಸಿಡುಬಲ್ಲ, ನೀರು ಗುಳ್ಳೆಯ ಸಿಡುಬು. ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ವೈದ್ಯರ ಮಾತ್ರೆ ಆರಂಭವಾದರೆ ಕಣ್ಣು ಉಳಿಯುವ ಸಾಧ್ಯತೆ ಹೆಚ್ಚು. ಮುದುಕರಿಗೆ ಬರುವ ಈ ಕಾಯಿಲೆ ಇಪ್ಪತ್ತೈದು-ಮೂವತ್ತರ ಯುವಕನಿಗೆ ಬಂದರೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಬೇಕು. ಎರಡು, ಕ್ಷಯ. ಎಚ್‌ಐವಿ ಇರುವವರನ್ನು ಅತಿ ಹೆಚ್ಚು ಕಾಡುವ ಸೋಂಕು ಅದು. ಅದಕ್ಕೆ ಕೊಡುವ ಎಥಾಂಬುಟಾಲ್ ಎಂಬ ಮಾತ್ರೆ ಕೆಲವರಲ್ಲಿ ಕಣ್ಣಿನ ನರಕ್ಕೆ ಪೆಟ್ಟು ಕೊಡುತ್ತದೆ. ಕೆಂಪು ಹಸಿರುಗಳ ಅಂತರ ಮಸುಕಾದರೆ ತಕ್ಷಣ ಹೇಳಬೇಕು. ಆದರೆ ಆಜಾದ್ ನಗರ, ಬಾಷಾ ನಗರಗಳಲ್ಲಿ ಕಣ್ಣಿನ ಯಾವ ತೊಂದರೆಗೂ ಸಿದ್ಧ ಉತ್ತರವೊಂದಿದೆ: ಮಂಡಕ್ಕಿ ಭಟ್ಟಿಯ ಹೊಗೆ. ಭಟ್ಟಿಯ ಹೊಗೆ ಕಣ್ಣಿಗೆ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಆದರೆ ಹೊಗೆಯಿಂದ ಕಣ್ಣು ಉರಿದೀತು, ನೀರು ಸುರಿದೀತು. ಚುಕ್ಕೆ ತೇಲದು, ಪರದೆ ಬೀಳದು.

ಎಚ್‌ಐವಿ ಎಂದೊಡನೆ ನಮ್ಮ ಸಮುದಾಯದಲ್ಲಿ ಏಳುವ ಮೊದಲ ಪ್ರಶ್ನೆ, 'ಏನು ಮಾಡಿದ್ದನಂತೆ?' ಈ ವಿಚಾರಣೆಗೆ ನಮ್ಮನ್ನು ನೇಮಿಸಿದವರಾರು? ಗಂಡನಿಂದ ಸೋಂಕು ಪಡೆದ ಹೆಂಡತಿಯೂ, ತಾಯಿಯಿಂದ ಪಡೆದ ಮಗುವೂ ಇದೇ ಪ್ರಶ್ನೆಯ ಕೆಳಗೆ ಬದುಕಬೇಕಾಗಿದೆ. ಇನ್ನೊಬ್ಬರ ಗುಟ್ಟು ಅಮಾನತ್ ಎಂದು ಜುಮಾ ಭಾಷಣಗಳಲ್ಲಿ ಕೇಳುವವರೇ ಮದುವೆ ಮನೆಯ ಚಾಪೆಯಲ್ಲಿ ಅದನ್ನು ಹರಡಿ ಕೂರುತ್ತಾರೆ. ಚಾಲಕರ ಬಾಯಿ ಕಟ್ಟಿದ್ದು ಈ ಚಾಪೆಯೇ ಹೊರತು ವೈರಾಣು ಅಲ್ಲ.

ವೈದ್ಯರ ಕಡೆಯಲ್ಲೂ ದೋಷವಿಲ್ಲದಿಲ್ಲ. ಕಣ್ಣೀರಿನಿಂದ ಎಚ್‌ಐವಿ ಹರಡುವುದಿಲ್ಲ. ಆದರೂ ವಿಷಯ ತಿಳಿದೊಡನೆ ಪೊರೆಯ ಶಸ್ತ್ರಕ್ರಿಯೆಯ ದಿನಾಂಕವನ್ನು ಮುಂದೂಡುತ್ತಲೇ ಹೋದ ಆಸ್ಪತ್ರೆಯ ಕುರಿತು ನಮ್ಮೊಡನೆ ಅತ್ತವರಿದ್ದಾರೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯ್ದೆಯು ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು ನಿಷೇಧಿಸಿದೆ. ರೋಗಿಯ ಒಪ್ಪಿಗೆಯಿಲ್ಲದೆ ಆತನ ಸ್ಥಿತಿಯನ್ನು ಬಹಿರಂಗಪಡಿಸುವಂತೆಯೂ ಇಲ್ಲ. ಹೀಗಿರುವಾಗ ಬಂಧುಗಳನ್ನು ಹೊರಗೆ ಕೂರಿಸಿ ರೋಗಿಯೊಬ್ಬನನ್ನೇ ಕೇಳುವ ಸೌಜನ್ಯವಾದರೂ ಬೇಡವೇ? ಆ ಒಂದು ಬಾಗಿಲು ಮುಚ್ಚಿದ್ದರೆ ಚಾಲಕರು 'ಹೌದು' ಎನ್ನುತ್ತಿದ್ದರೋ ಏನೋ.

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವೂ ಇದೆ, ಕಣ್ಣಿನ ವಿಭಾಗವೂ ಇದೆ. ಸಿಡಿ-4 ಎಣಿಕೆ 100ರ ಕೆಳಗಿರುವ ಪ್ರತಿಯೊಬ್ಬರನ್ನೂ, ತೊಂದರೆ ಹೇಳಲಿ ಹೇಳದಿರಲಿ, ಮೊದಲನೆಯದರಿಂದ ಎರಡನೆಯದಕ್ಕೆ ಕಳುಹಿಸುವುದು ಕಡ್ಡಾಯವಾಗಬೇಕು. ಚಿಕಿತ್ಸೆ ಆರಂಭವಾದ ಬಳಿಕದ ಮೊದಲ ಕೆಲವು ತಿಂಗಳು ಮತ್ತೆ ನೋಡಬೇಕು. ಏಕೆಂದರೆ ರೋಗ ನಿರೋಧಕ ಶಕ್ತಿ ಮರಳುವಾಗಲೂ ಕಣ್ಣಿನೊಳಗೆ ಉರಿಯೂತ ಏಳುವುದುಂಟು. ನಮ್ಮ ಜಮಾಅತ್‌ಗಳು ನೇತ್ರ ಶಿಬಿರ ನಡೆಸುವುದಾದರೆ ಪೊರೆ ಮತ್ತು ಕನ್ನಡಕಕ್ಕೆ ನಿಲ್ಲದೆ, ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡುವ ವೈದ್ಯರನ್ನೂ ಕರೆಯಲಿ. ಎಲ್ಲರಿಗೂ ನೋಡಿದರೆ ಯಾರು ಯಾಕೆ ಬಂದರೆಂದು ಯಾರೂ ಕೇಳರು. ಸಕ್ಕರೆ ಕಾಯಿಲೆಯವರಿಗೂ ಈ ಪರೀಕ್ಷೆ ಬೇಕೇ ಬೇಕು.

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ದಿನಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗೋಡೆ ನೋಡುವುದು, ಬಳಿಕ ಕಣ್ಣು ಬದಲಿಸುವುದು. ಹೊಸ ಚುಕ್ಕೆ, ಮಿಂಚು ಅಥವಾ ನೆರಳು ಕಂಡರೆ ಅಂಗಡಿಗಲ್ಲ, ಆಸ್ಪತ್ರೆಗೆ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಹರಿಹರದಿಂದ ಬರುವವರು ಬೈಕ್ ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಬರಲಿ, ಜೊತೆಗೊಬ್ಬರಿರಲಿ. ಆ ಚಾಲಕರು ಈಗ ಬಲಗಣ್ಣು ತೋರಿಸಲು ಬರುವುದು ಹೆಂಡತಿಯೊಂದಿಗೆ. ಅವರಿಗೆ ವಿಷಯ ಮೊದಲೇ ಗೊತ್ತಿತ್ತಂತೆ.