ಮೈದಾನದ ಗುರುವೂ ಮನಸ್ಸಿನ ಪಾಠವೂ

ಜಾಲಹಳ್ಳಿಯೆಂದರೆ ಬಿ.ಇ.ಎಲ್., ಎಚ್.ಎಂ.ಟಿ. ಮತ್ತು ವಾಯುಪಡೆಯ ನೆಲೆಯಿಂದ ಹೆಸರಾದ ಊರು. ಪಕ್ಕದಲ್ಲಿಯೇ ಪೀಣ್ಯದ ಕಾರ್ಖಾನೆಗಳು. ಇಂತಹ ಕಡೆ ತಂದೆ ಪಾಳಿ ಮುಗಿಸಿ ಬರುವಷ್ಟರಲ್ಲಿ ಮಕ್ಕಳು ಮಲಗಿರುವುದುಂಟು. ಆಟ ಕಲಿಯುವ ಮಕ್ಕಳ ಮುಖವನ್ನು ದಿನವೂ ನೋಡುವ ಹಿರಿಯರು ಮಾತ್ರ ಒಬ್ಬರಿರುತ್ತಾರೆ, ಅವರೇ ತರಬೇತುದಾರರು. ಮಗುವಿನ ಮನಸ್ಸು ಕುಗ್ಗಿದರೆ ಮೊದಲು ಕಾಣಬಲ್ಲವರೂ ಅವರೇ. ಕಂಡುದನ್ನು ಗುರುತಿಸುವ ತಿಳಿವಳಿಕೆ ಅವರಿಗಿದೆಯೇ ಎಂಬುದು ವಿಚಾರಿಸಬೇಕಾದ ಸಂಗತಿ.

ಗರಡಿಮನೆಯ ಉಸ್ತಾದರು ಪಟ್ಟುಗಳನ್ನಷ್ಟೇ ಕಲಿಸುತ್ತಿರಲಿಲ್ಲ. ಶಿಷ್ಯನ ಊಟ, ನಿದ್ರೆ, ನಡತೆಗಳ ಮೇಲೂ ಕಣ್ಣಿಟ್ಟಿರುತ್ತಿದ್ದರು. ಇಂದು ಉಳುಕಿದ ಕಾಲಿಗೆ ಮಂಜುಗಡ್ಡೆಯಿದೆ; ಕುಗ್ಗಿದ ಮನಸ್ಸಿಗೆ ಅನೇಕ ವೇಳೆ 'ಧೈರ್ಯ ತಂದುಕೋ' ಎಂಬ ಮಾತೊಂದೇ ಮದ್ದು. ಖಿನ್ನತೆಯು ಹೇಡಿತನವಲ್ಲ, ಸೋಮಾರಿತನವೂ ಅಲ್ಲ. ಅದು ಚಿಕಿತ್ಸೆಗೆ ಒಳಪಡುವ ಕಾಯಿಲೆ.

2007ರಲ್ಲಿ ಟಿ-20 ವಿಶ್ವಕಪ್ ಗೆದ್ದ ತಂಡದಲ್ಲಿದ್ದ ನಮ್ಮ ಕೊಡಗಿನ ರಾಬಿನ್ ಉತ್ತಪ್ಪನವರು, 2009ರಿಂದ 2011ರವರೆಗೆ ತಾವು ಖಿನ್ನತೆಯೊಡನೆಯೂ ಆತ್ಮಹತ್ಯೆಯ ಯೋಚನೆಯೊಡನೆಯೂ ಹೋರಾಡಿದುದನ್ನು 2020ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಆಟವಿದ್ದ ದಿನ ಮನಸ್ಸು ಬೇರೆಡೆ ತಿರುಗುತ್ತಿತ್ತು, ಆಟವಿಲ್ಲದ ದಿನಗಳೇ ಕಷ್ಟವಾಗಿದ್ದವು ಎಂಬುದು ಅವರ ಅನುಭವ. ಇದನ್ನು ತರಬೇತುದಾರರು ಚೆನ್ನಾಗಿ ಮನನ ಮಾಡಬೇಕು. ಮೈದಾನದಲ್ಲಿ ಚುರುಕಾಗಿ ಆಡುವವನು ಸುಖವಾಗಿಯೇ ಇದ್ದಾನೆಂದು ತಿಳಿಯುವಂತಿಲ್ಲ.

ಹಾಗಾದರೆ ಏನನ್ನು ಗಮನಿಸಬೇಕು? ನಿದ್ರೆ, ಹಸಿವುಗಳಲ್ಲಿ ಬದಲಾವಣೆ, ಗೆಳೆಯರಿಂದ ದೂರ ಸರಿಯುವುದು, ಸಣ್ಣದಕ್ಕೂ ಸಿಡುಕುವುದು, ಪ್ರೀತಿಯ ಆಟದಲ್ಲಿಯೇ ಆಸಕ್ತಿ ತಪ್ಪುವುದು; ಇವು ಎರಡು ವಾರ ಮೀರಿ ನಿಂತರೆ ಉಪೇಕ್ಷೆ ಸಲ್ಲದು. ಏಕಾಂತದಲ್ಲಿ ಕೂರಿಸಿಕೊಂಡು ಕೇಳಬೇಕು. ಉಪದೇಶಕ್ಕಿಂತ ಮೊದಲು ಆಲಿಸಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ಬಿತ್ತಿದಂತಾಗುವುದಿಲ್ಲ. ಕೇಳಿದಾಗ ಹೇಳಿಕೊಳ್ಳಲು ದಾರಿಯಾಗುತ್ತದೆ. ಬರುತ್ತಿದೆಯೆಂದರೆ ಮಗುವನ್ನು ಒಂಟಿಯಾಗಿ ಬಿಡದೆ, ಮನೆಯವರಿಗೆ ತಿಳಿಸಿ, ಒಡನೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ರೋಗ ನಿರ್ಣಯ ತರಬೇತುದಾರರ ಕೆಲಸವಲ್ಲ. ಸಕಾಲದಲ್ಲಿ ಬಲ್ಲವರ ಬಳಿಗೆ ಕಳುಹಿಸುವುದು ಅವರ ಕೆಲಸ.

ಇಲ್ಲೊಂದು ತೊಡಕಿದೆ. ತಂಡಕ್ಕೆ ಆಯ್ಕೆ ಮಾಡುವವರೂ ಹಲವೆಡೆ ತರಬೇತುದಾರರೇ. ಹೇಳಿದರೆ ಸ್ಥಾನ ಹೋದೀತೆಂಬ ಭಯದಿಂದ ಮಗು ಅವರಿಂದಲೇ ಎಲ್ಲವನ್ನೂ ಮುಚ್ಚಿಡುತ್ತದೆ. ಆದುದರಿಂದ 'ಕಾಲು ಮುರಿದವನ ಜಾಗ ಹೇಗೆ ಕಾಯ್ದಿರುತ್ತದೆಯೋ ಮನಸ್ಸು ನೊಂದವನ ಜಾಗವೂ ಹಾಗೆಯೇ ಕಾಯ್ದಿರುತ್ತದೆ' ಎಂದು ಮೊದಲೇ ಎಲ್ಲರೆದುರು ಹೇಳಬೇಕು, ಹೇಳಿದಂತೆ ನಡೆಯಬೇಕು. ಅಮೆರಿಕದ ಸಿಮೋನ್ ಬೈಲ್ಸ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ತಂಡ ಸ್ಪರ್ಧೆಯ ನಡುವೆ ಮಾನಸಿಕ ಸ್ವಾಸ್ಥ್ಯಕ್ಕಾಗಿ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸಿನಲ್ಲಿ ಮೂರು ಚಿನ್ನ ಗೆದ್ದರು. ವಿಶ್ರಾಂತಿಯಿಂದ ಆಟ ಮುಗಿದುಹೋಗುವುದಿಲ್ಲ.

ತಂದೆತಾಯಿಯರಿಗೂ ಒಂದು ಮಾತು. ಕ್ರೀಡಾ ಕೋಟಾದ ಸೀಟು, ನೌಕರಿಗಳ ಆಸೆಯಿಂದ ತರಬೇತುದಾರರ ಬೈಗುಳವನ್ನೆಲ್ಲ ಶಿಸ್ತೆಂದು ಒಪ್ಪಬೇಡಿ. ಮಗುವಿನ ಮನಸ್ಸು ಸರಿಯಿಲ್ಲವೆಂದು ಅವರು ತಿಳಿಸಿದರೆ ಅವಮಾನವೆಂದು ಭಾವಿಸಲೂಬೇಡಿ. ನಮ್ಮ ಬೆಂಗಳೂರಿನಲ್ಲಿಯೇ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪ್ರತಿ ಮೈದಾನದ ಗೋಡೆಯ ಮೇಲೆ ಈ ಸಂಖ್ಯೆಯನ್ನು ದೊಡ್ಡದಾಗಿ ಬರೆಸುವುದಕ್ಕೆ ಹೆಚ್ಚು ವೆಚ್ಚವೇನೂ ಆಗದು. ಜಾಲಹಳ್ಳಿಯ ಮೈದಾನಗಳಿಂದಲೇ ಈ ಕೆಲಸ ಮೊದಲಾಗಲಿ.