ನಾಲ್ಕು ವಿಭಾಗ, ಒಂದು ಮೇಜು

ಆಟದ ಮೂಲಕ ಕಲಿಸುವುದು ಚಿಕ್ಕ ಮಕ್ಕಳಿಗೆ ಮಾತ್ರ ಸಲ್ಲುವ ಉಪಾಯವೆಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ವೈದ್ಯರಿಗೂ ದಾದಿಯರಿಗೂ ಆಟವಾಡಿಸಿ ಪಾಠ ಹೇಳಬೇಕೆಂದರೆ ಹಲವರು ನಕ್ಕಾರು. ಆದರೆ ಆಸ್ಪತ್ರೆಯನ್ನು ಬಿಡಿ ಬಿಡಿ ವಿಭಾಗಗಳಾಗಿ ನೋಡದೆ ಇಡಿಯಾದ ಒಂದು ವ್ಯವಸ್ಥೆಯಾಗಿ ಕಾಣುವ ದೃಷ್ಟಿಯನ್ನು ಉಪನ್ಯಾಸವೊಂದೇ ಕೊಡಲಾರದೆಂಬುದು, ಮೂರು ದಶಕ ಕರಿಹಲಗೆಯ ಮುಂದೆ ನಿಂತ ನನ್ನ ಖಚಿತ ಅಭಿಪ್ರಾಯ.

ಅಮೆರಿಕದಲ್ಲಿ ರೂಪುಗೊಂಡ 'ಫ್ರೈಡೇ ನೈಟ್ ಅಟ್ ದಿ ಇಆರ್' ಎಂಬ ಆಟವೊಂದಿದೆ. ಶುಕ್ರವಾರ ರಾತ್ರಿಯ ತುರ್ತು ಚಿಕಿತ್ಸಾ ವಿಭಾಗ ಎಂದು ಅದರ ಅರ್ಥ. ಹಲಗೆಯ ಸುತ್ತ ನಾಲ್ವರು ಕೂರುತ್ತಾರೆ. ಒಬ್ಬರಿಗೆ ತುರ್ತು ಚಿಕಿತ್ಸೆ, ಇನ್ನೊಬ್ಬರಿಗೆ ಶಸ್ತ್ರಚಿಕಿತ್ಸೆ, ಮತ್ತೊಬ್ಬರಿಗೆ ತೀವ್ರ ನಿಗಾ ಘಟಕ. ನಾಲ್ಕನೆಯವರಿಗೆ, ಅಷ್ಟು ನಿಗಾ ಬೇಡವಾದ ರೋಗಿಗಳ ವಾರ್ಡು. ಆಸ್ಪತ್ರೆಯ 24 ಗಂಟೆಗಳು ಸುಮಾರು ಒಂದು ಗಂಟೆಯೊಳಗೆ ಉರುಳುತ್ತವೆ. ರೋಗಿಗಳು ಬರುತ್ತಲೇ ಇರುತ್ತಾರೆ. ಕೊನೆಯಲ್ಲಿ ಖರ್ಚನ್ನೂ ಸೇವೆಯ ಗುಣಮಟ್ಟವನ್ನೂ ಲೆಕ್ಕ ಹಾಕುತ್ತಾರೆ.

ವಾರ್ಡಿನವರು ಹೆಚ್ಚುವರಿ ಸಿಬ್ಬಂದಿಯನ್ನು ಕರೆಸದೆ ಹಣ ಉಳಿಸಿದರೆನ್ನಿ. ಅಲ್ಲಿ ಎಡೆಯಿಲ್ಲದೆ ತೀವ್ರ ನಿಗಾ ಘಟಕದ ರೋಗಿ ಇದ್ದಲ್ಲೇ ಉಳಿಯುತ್ತಾನೆ. ಅವನು ಕದಲದೆ ತುರ್ತು ವಿಭಾಗದವನಿಗೆ ಹಾಸಿಗೆಯಿಲ್ಲ. ಕಡೆಗೆ ಬಾಗಿಲಿಗೆ ಬರಬೇಕಾದ ಆಂಬುಲೆನ್ಸನ್ನೇ ಬೇರೆಡೆಗೆ ತಿರುಗಿಸಬೇಕಾಗುತ್ತದೆ. ಇವರಲ್ಲಿ ಯಾರೂ ಸೋಮಾರಿಗಳಲ್ಲ. ಪ್ರತಿಯೊಬ್ಬರೂ ತಂತಮ್ಮ ಅಂಗಳವನ್ನು ಚೊಕ್ಕಟವಾಗಿ ಗುಡಿಸಿದ್ದಾರೆ. ಕಸವೆಲ್ಲ ಬೀದಿಗೆ ಬಿದ್ದಿದೆ.

ಇದಕ್ಕೆ ಹಿರಿಯಣ್ಣನಂತಿರುವ ಆಟ, ಎಂಐಟಿಯಲ್ಲಿ 1960ರ ದಶಕದಲ್ಲಿ ಹುಟ್ಟಿದ 'ಬಿಯರ್ ಗೇಮ್'. (ಹುಬ್ಬೇರಿಸಬೇಡಿ, ಅದರಲ್ಲಿ ಕುಡಿಯಲು ಏನೂ ಇಲ್ಲ.) ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂಬ ನಾಲ್ಕು ಪಾತ್ರಗಳು. ಗಿರಾಕಿಯ ಬೇಡಿಕೆ ಒಂದೇ ಬಾರಿ 4ರಿಂದ 8ಕ್ಕೆ ಏರುತ್ತದೆ, ಅಷ್ಟೇ. ಆದರೂ ಕಾರ್ಖಾನೆಯವರೆಗೆ ತಲುಪುವಷ್ಟರಲ್ಲಿ ಅದು ದೊಡ್ಡ ಅಲ್ಲೋಲಕಲ್ಲೋಲವಾಗಿರುತ್ತದೆ. ಅಲ್ಲಿ ಆಟಗಾರರು ಪರಸ್ಪರ ಮಾತನಾಡಕೂಡದೆಂಬ ನಿಯಮವಿದೆ. ಆಸ್ಪತ್ರೆಯ ಆಟದಲ್ಲಿ ಮಾತಿಗೆ ಅಡ್ಡಿಯಿಲ್ಲ. ಪಕ್ಕದವರ ಬಳಿ ಬಿಡುವಾಗಿರುವ ಸಿಬ್ಬಂದಿಯನ್ನು ಕೇಳಿ ಪಡೆಯಬಹುದು. ಹಾಗಿದ್ದೂ ಕೇಳಲು ತೋಚುವುದಿಲ್ಲವೆಂಬುದೇ ಅದರ ನಿಜವಾದ ಪಾಠ. ಆಟ ಮುಗಿದ ಮೇಲೆ ನಡೆಯುವ ಚರ್ಚೆಯಲ್ಲಿ ಆ ಪಾಠ ಬಾಯಿಗೆ ಬರುತ್ತದೆ. ಚರ್ಚೆಯನ್ನು ಬಿಟ್ಟರೆ ಅದು ಬರೀ ಕಾಲಹರಣ.

ನಮ್ಮ ಕಡೆಯ ಅನುಭವ ನಿಮಗೂ ಇದ್ದೀತು. ಬೆಳಗಿನ ಸುತ್ತಿನಲ್ಲಿ ವೈದ್ಯರು "ಇವತ್ತು ಮನೆಗೆ ಹೋಗಬಹುದು" ಎನ್ನುತ್ತಾರೆ. ಡಿಸ್ಚಾರ್ಜ್ ಪತ್ರಕ್ಕೆ ಸಹಿ, ಔಷಧದ ಲೆಕ್ಕ, ವಿಮೆಯ ಅನುಮತಿ ಎಂದು ಸಂಜೆಯಾಗುತ್ತದೆ. ಅಷ್ಟು ಹೊತ್ತು ಆ ಹಾಸಿಗೆಗಾಗಿ ಕೆಳಗೆ ಇನ್ನೊಬ್ಬರು ಸ್ಟ್ರೆಚರಿನ ಮೇಲೆ ನರಳುತ್ತಿರುತ್ತಾರೆ. ಸಹಿ ತಡಮಾಡಿದವರಿಗೆ ಆ ನರಳಾಟ ಕೇಳಿಸುವುದಿಲ್ಲ. ಎರಡರ ನಡುವೆ ಮೂರು ಮಹಡಿಗಳಿವೆ.

2019ರಲ್ಲಿ ನಮ್ಮ ಎಂಬಿಬಿಎಸ್ ಪಠ್ಯಕ್ರಮವನ್ನು ಪರಿಷ್ಕರಿಸಿದಾಗ ನಡವಳಿಕೆ, ನೀತಿ, ಸಂವಹನಗಳಿಗೆ ಸ್ಥಾನ ಸಿಕ್ಕಿದ್ದು ಸಂತೋಷದ ವಿಷಯ. ಆದರೆ ಭಾವಿ ವೈದ್ಯರು ವೈದ್ಯರೊಡನೆಯೇ, ದಾದಿಯರು ದಾದಿಯರೊಡನೆಯೇ ಕುಳಿತು ಕಲಿತರೆ ಸಾಲದು. ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಬೇಕು. ಹಿರಿಯ ವೈದ್ಯರೆದುರು ದಾದಿ ಬಾಯಿ ಬಿಡುವುದುಂಟೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾತ್ರಗಳನ್ನು ಅದಲು ಬದಲು ಮಾಡಿ: ಶಸ್ತ್ರವೈದ್ಯರಿಗೆ ವಾರ್ಡನ್ನು ಕೊಡಿ, ದಾದಿಗೆ ತುರ್ತು ವಿಭಾಗವನ್ನು ಒಪ್ಪಿಸಿ.

ಹಾಸಿಗೆಯೂ ಸಿಬ್ಬಂದಿಯೂ ನಿಜಕ್ಕೂ ಇಲ್ಲದ ಆಸ್ಪತ್ರೆಯಲ್ಲಿ ಯಾವ ಆಟವೂ ಅವನ್ನು ಹುಟ್ಟಿಸಲಾರದು. ಆಡಳಿತದವರು ಆಟದ ನೆಪದಲ್ಲಿ ಆ ಹೊಣೆಯಿಂದ ನುಣುಚಿಕೊಳ್ಳಬಾರದು. ಇನ್ನು ಖರ್ಚಿನ ಮಾತು. ವಿದೇಶದ ಹಲಗೆಯನ್ನೇ ತರಿಸಬೇಕಾಗಿಲ್ಲ. ಚೌಕಾಬಾರದ ಮನೆ ಬರೆದು ಬೆಳೆದವರು ನಾವು. ಒಂದು ಡ್ರಾಯಿಂಗ್ ಹಾಳೆ, ರೋಗಿಗಳ ಬದಲಿಗೆ ಹಿಡಿ ಹುಣಸೆ ಬೀಜ ಇದ್ದರೆ ನಮ್ಮದೇ ಆಸ್ಪತ್ರೆಯ ನಕ್ಷೆಯ ಮೇಲೆ ಅಂಥದೊಂದು ಆಟವನ್ನು ಕಟ್ಟಬಹುದು. ಹಾಗೆ ಕಟ್ಟುವಾಗ, ಬಿಲ್ಲಿನ ಕೌಂಟರಿನವರಿಗೂ ಒಂದು ಕುರ್ಚಿ ಹಾಕಿಸಿ.